ನಿಮಿಷದ ಲೆಕ್ಕ ತಪ್ಪಿದ ಕತೆ

2020ರ ಏಪ್ರಿಲ್ ತಿಂಗಳು. ಅರ್ಧ ಜಗತ್ತು ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂತಿತ್ತು. ತನ್ನನ್ನು ದಿನವೂ ಬಳಸುವವರ ಸಂಖ್ಯೆ 30 ಕೋಟಿ ದಾಟಿದೆ ಎಂದು ಜೂಮ್ ಕಂಪನಿ ಪ್ರಕಟಿಸಿತು. ಪತ್ರಿಕೆಗಳು ಆ ಅಂಕಿಯನ್ನು ಎತ್ತಿಕೊಂಡು ಬರೆದವು. ಕೆಲವು ದಿನಗಳಲ್ಲಿ ಕಂಪನಿಯ ಪ್ರಕಟಣೆಯಲ್ಲಿ ಸದ್ದಿಲ್ಲದೆ ಒಂದು ತಿದ್ದುಪಡಿ ಆಯಿತು. 30 ಕೋಟಿ ಎಂದರೆ ಬಳಕೆದಾರರಲ್ಲವಂತೆ, ಮೀಟಿಂಗುಗಳಲ್ಲಿ ಪಾಲ್ಗೊಂಡವರ ಒಟ್ಟು ಸಂಖ್ಯೆಯಂತೆ. ಬೆಳಗ್ಗೆ ಆಫೀಸಿನ ಮೀಟಿಂಗು, ಮಧ್ಯಾಹ್ನ ಟ್ರೈನಿಂಗು, ಸಂಜೆ ಅಣ್ಣತಮ್ಮಂದಿರ ಹರಟೆ ಎಂದು ಒಬ್ಬರೇ ಮೂರು ಸಲ ಬಂದರೆ ಲೆಕ್ಕದಲ್ಲಿ ಮೂವರು. ಮದುವೆ ಮನೆಯಲ್ಲಿ ಎತ್ತಿದ ಎಂಜಲೆಲೆಗಳನ್ನು ಎಣಿಸಿ ಇಷ್ಟು ಜನ ನೆಂಟರು ಬಂದಿದ್ದರು ಎಂದ ಹಾಗೆ. ತಿಂಡಿಗೂ ಮಧ್ಯಾಹ್ನದ ಊಟಕ್ಕೂ ಆರತಕ್ಷತೆಗೂ ಕೂತವರು ಅವರೇ ಆಗಿರುತ್ತಾರೆ.

ಜೂಮ್ ಒಂದನ್ನೇ ದೂರಿ ಪ್ರಯೋಜನವಿಲ್ಲ. ಇಂಟರ್ನೆಟ್ ಕರೆಯ ಸೇವೆಗಳಲ್ಲಿ ಯಾವುದು ಹೆಚ್ಚು ಜನಪ್ರಿಯ ಎಂಬ ಪ್ರಶ್ನೆಗೆ ನೆಟ್ಟಗಿನ ಉತ್ತರ ಇವತ್ತಿಗೂ ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ ಎಂದು ಹುಡುಕುತ್ತಾ ಹೋದರೆ, ಆ ತಂತ್ರ ಹುಟ್ಟಿದ ಜಾಗಕ್ಕೇ ಹೋಗಿ ನಿಲ್ಲಬೇಕಾಗುತ್ತದೆ.

ಹಳೇ ಟೆಲಿಫೋನಿಗೆ ಈ ತಕರಾರು ಇರಲಿಲ್ಲ. ಎಸ್‌ಟಿಡಿ ಬೂತಿನ ಗಾಜಿನ ಗೂಡಿನೊಳಗೆ ನಿಂತವರಿಗೆ ಇದು ಚೆನ್ನಾಗಿ ಗೊತ್ತು. ಅತ್ತಲಿಂದ ‘ಹಲೋ’ ಬಂದ ಕೂಡಲೇ ಎದುರಿನ ಪೆಟ್ಟಿಗೆಯಲ್ಲಿ ಕೆಂಪು ಅಂಕಿ ಓಡಲು ಶುರು. ಅಮ್ಮನ ಆರೋಗ್ಯ ವಿಚಾರಿಸುವಾಗಲೂ ಕಣ್ಣು ಅಲ್ಲೇ. ರಾತ್ರಿ ಹನ್ನೊಂದಾದ ಮೇಲೆ ದರ ಕಾಲು ಭಾಗಕ್ಕೆ ಇಳಿಯುತ್ತಿದ್ದುದರಿಂದ ಆಗಲೂ ಸಾಲು. ರಿಸೀವರ್ ಇಟ್ಟ ಮೇಲೆ ‘ಕಿರ್ರ್’ ಎಂದು ಚೀಟಿ: ನಂಬರು, ಹೊತ್ತು, ಸೆಕೆಂಡು, ರೂಪಾಯಿ. ಮಾತಾಡುವಷ್ಟು ಹೊತ್ತೂ ಒಂದಿಡೀ ಮಾರ್ಗವನ್ನು ಎಕ್ಸ್‌ಚೇಂಜು ನಿಮಗೋಸ್ಕರ ಕಾದಿರಿಸುತ್ತಿತ್ತು. ಕಾದಿರಿಸಿದ್ದಕ್ಕೆ ದುಡ್ಡು, ದುಡ್ಡಿದ್ದಲ್ಲಿ ಲೆಕ್ಕ. ಜಗತ್ತಿನ ಯಾವ ಎರಡು ಟೆಲಿಫೋನ್ ಕಂಪನಿಗಳನ್ನಾದರೂ ನಿಮಿಷದ ಅಳತೆಯಲ್ಲಿ ಪಕ್ಕ ಪಕ್ಕ ನಿಲ್ಲಿಸಬಹುದಿತ್ತು.

ಈ ಕಾದಿರಿಸಿದ ಮಾರ್ಗವೇ ಬೇಡ ಎಂದದ್ದು ಆರ್ಪಾನೆಟ್. ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲಿ 1969ರಲ್ಲಿ ಶುರುವಾದ ಈ ಜಾಲದಲ್ಲಿ ಮಾಹಿತಿಯನ್ನು ಚೂರು ಚೂರು ಮಾಡಿ, ಪ್ರತಿ ಚೂರಿಗೂ ವಿಳಾಸ ಬರೆದು ಬಿಟ್ಟುಬಿಡುತ್ತಿದ್ದರು. ಈ ಪ್ಯಾಕೆಟ್ಟುಗಳು ಬೇರೆಯವರ ಪ್ಯಾಕೆಟ್ಟುಗಳ ಜೊತೆ ಒಂದೇ ತಂತಿಯಲ್ಲಿ ಸಾಗಿ ಕೊನೆಯಲ್ಲಿ ಮತ್ತೆ ಒಂದಾಗಬೇಕು. ಒಂದು ಚೂರು ಕಳೆದುಹೋದರೆ ಮತ್ತೆ ಕಳಿಸು ಎಂದು ಕೇಳುವ ವ್ಯವಸ್ಥೆ ಇತ್ತು. ಪತ್ರಕ್ಕೆ, ಕಡತಕ್ಕೆ ಇದು ಸರಿ. ಮಾತಿಗೆ?

ಡ್ಯಾನಿ ಕೊಹೆನ್ ತಲೆ ಕೆಡಿಸಿಕೊಂಡದ್ದು ಈ ಪ್ರಶ್ನೆಗೆ. ಇಸ್ರೇಲಿನಿಂದ ಅಮೆರಿಕಕ್ಕೆ ಬಂದು, ಹಾರ್ವರ್ಡಿನಲ್ಲಿ ವಿಮಾನ ಹಾರಾಟದ ಅಣಕು ದೃಶ್ಯವನ್ನು ಕಂಪ್ಯೂಟರಿನ ಮೇಲೆ ಆ ಕ್ಷಣಕ್ಕೇ ಮೂಡಿಸುವ ಕೆಲಸ ಮಾಡಿದ್ದವರು. ಪೈಲಟ್ ಕಡ್ಡಿ ಎಳೆದು ಅರ್ಧ ಸೆಕೆಂಡಾದ ಮೇಲೆ ದಿಗಂತ ವಾಲಿದರೆ ಅದು ವಿಮಾನವೇ ಅಲ್ಲ. ಆ ಅನುಭವ ಹೊತ್ತುಕೊಂಡೇ ಅವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಗೆ ಬಂದದ್ದು. ಕಳೆದುಹೋದ ಪ್ಯಾಕೆಟ್ಟಿಗಿಂತ ತಡವಾಗಿ ಬಂದ ಪ್ಯಾಕೆಟ್ಟೇ ಮಾತಿಗೆ ಹೆಚ್ಚು ಕೆಡುಕು ಎಂಬುದು ಅವರಿಗೆ ಹೊಳೆಯಿತು. ಮಾತಿನ ನಡುವೆ ಒಂದು ಸಣ್ಣ ಚೂರು ಹಾರಿಹೋದರೆ ಕಿವಿ ಅದನ್ನು ತಾನೇ ತುಂಬಿಕೊಳ್ಳುತ್ತದೆ. ಅದನ್ನು ಮತ್ತೆ ತರಿಸಲು ಹೋಗಿ ಹಿಂದಿನದ್ದೆಲ್ಲ ಕಾದು ನಿಂತರೆ ಸಂಭಾಷಣೆಯೇ ಮುರಿದುಬೀಳುತ್ತದೆ. ಹಾಗಾಗಿ ಮಾತಿಗೆ ಭದ್ರತೆ ಬೇಡ, ಬಿಟ್ಟುಬಿಡಿ, ಬಂದಷ್ಟು ಬರಲಿ! ಎಲ್ಲವನ್ನೂ ತಪ್ಪಿಲ್ಲದಂತೆ ತಲುಪಿಸಬೇಕು ಎಂದು ಹಟ ತೊಟ್ಟಿದ್ದ ಎಂಜಿನಿಯರುಗಳ ನಡುವೆ ಹೀಗನ್ನುವುದಕ್ಕೆ ಎದೆಗಾರಿಕೆ ಬೇಕಿತ್ತು.

ಇನ್ನೊಂದು ಅಡ್ಡಿ ತಂತಿಯ ಅಗಲದ್ದು. ಟೆಲಿಫೋನ್ ಕಂಪನಿಗಳು ಒಂದು ಧ್ವನಿಯನ್ನು ಅಂಕಿಗೆ ಇಳಿಸಲು ಸೆಕೆಂಡಿಗೆ 64 ಕಿಲೋಬಿಟ್ ಬಳಸುತ್ತಿದ್ದವು. ಆರ್ಪಾನೆಟ್‌ನ ತಂತಿಯ ಸಾಮರ್ಥ್ಯವೇ ಸುಮಾರು 50 ಕಿಲೋಬಿಟ್. ಬರಿಯ ಒಂದು ಮಾತೂ ಅದರೊಳಗೆ ಹಿಡಿಸದು.

ಇಲ್ಲಿ ಕತೆಗೆ ಬೆಂಗಳೂರಿನ ನೆಂಟಸ್ತನವಿದೆ. 1955ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜನ ಹೇಳುವ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಓದಿ ಮುಗಿಸಿ, ಅಲ್ಲಿಯೇ ಕೆಲವು ವರ್ಷ ಧ್ವನಿವಿಜ್ಞಾನ ಪಾಠ ಮಾಡಿದ ಬಿಷ್ಣು ಅಟಲ್ 1961ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು. ಗಂಟಲು, ನಾಲಿಗೆ, ತುಟಿಗಳ ಆಕಾರ ಕ್ಷಣ ಕ್ಷಣಕ್ಕೂ ಸಿಕ್ಕಾಪಟ್ಟೆ ಬದಲಾಗುವುದಿಲ್ಲ. ಆದ್ದರಿಂದ ಧ್ವನಿಯ ಹಿಂದಿನ ಕೆಲವು ಮಾದರಿಗಳನ್ನು ನೋಡಿ ಮುಂದಿನದನ್ನು ಬಹುಪಾಲು ಊಹಿಸಬಹುದು. ಹಾಗಾದರೆ ಧ್ವನಿಯನ್ನೇ ಯಾಕೆ ಕಳಿಸಬೇಕು? ಬಾಯಿಯ ಆಕಾರದ ವಿವರವನ್ನೂ ಊಹೆ ತಪ್ಪಿದಷ್ಟು ಭಾಗವನ್ನೂ ಕಳಿಸಿದರೆ ಸಾಕಲ್ಲ. ಅಟಲ್ ಮತ್ತು ಮ್ಯಾನ್‌ಫ್ರೆಡ್ ಶ್ರೋಡರ್ ಅಮೆರಿಕದಲ್ಲಿ, ಫುಮಿತಾದ ಇತಾಕುರ ಮತ್ತು ಶುಜೊ ಸೈಟೊ ಜಪಾನಿನಲ್ಲಿ, 1960ರ ದಶಕದ ಕೊನೆಯ ವರ್ಷಗಳಲ್ಲಿ ಬೇರೆ ಬೇರೆಯಾಗಿ ಈ ದಾರಿಗೆ ಬಂದರು. ಎಲ್‌ಪಿಸಿ ಎಂದು ಹೆಸರಾದದ್ದು ಇದೇ.

1974ರ ಆಗಸ್ಟಿನಲ್ಲಿ ಕೊಹೆನ್ ಅವರ ಸಂಸ್ಥೆಗೂ ಬಾಸ್ಟನ್ ಬಳಿಯ ಲಿಂಕನ್ ಲ್ಯಾಬೊರೇಟರಿಗೂ ನಡುವೆ ಮೊದಲ ಬಾರಿಗೆ ಮಾತು ಪ್ಯಾಕೆಟ್ಟುಗಳಾಗಿ ಓಡಾಡಿತು. ಡಿಸೆಂಬರಿನಲ್ಲಿ ಎಲ್‌ಪಿಸಿ ಬಳಸಿ ಸೆಕೆಂಡಿಗೆ ಸುಮಾರು 3.5 ಕಿಲೋಬಿಟ್ಟಿನಲ್ಲೇ ಸಂಭಾಷಣೆ ಆಯಿತು. 64 ಎಲ್ಲಿ, ಮೂರೂವರೆ ಎಲ್ಲಿ! ಕೊಹೆನ್ ಮತ್ತು ಗೆಳೆಯರು ಪಟ್ಟು ಹಿಡಿದದ್ದರ ಫಲವಾಗಿ 1978ರಲ್ಲಿ ಟಿಸಿಪಿ ಎಂಬ ಒಂದೇ ನಿಯಮಾವಳಿ ಎರಡಾಯಿತು: ವಿಳಾಸ ನೋಡಿ ಸಾಗಿಸುವ ಐಪಿ ಒಂದು ಕಡೆ, ಭದ್ರವಾಗಿ ತಲುಪಿಸುವ ಟಿಸಿಪಿ ಇನ್ನೊಂದು ಕಡೆ. ಭದ್ರತೆ ಬೇಡದವರಿಗೆ 1980ರಲ್ಲಿ ಯುಡಿಪಿ ಎಂಬ ಹಗುರ ದಾರಿ ಬಂತು. ಇವತ್ತಿನ ವಿಡಿಯೊ ಕಾಲ್‌ಗಳು ಬಹುಪಾಲು ಓಡುವುದು ಅದರ ಮೇಲೆಯೇ.

ಆದರೆ ಈ ಜಾಣತನದಲ್ಲಿ ಒಂದು ವಿಷಯ ಕಳೆದುಹೋಯಿತು. ನಡುವೆ ಕೂತ ಜಾಲಕ್ಕೆ ಈಗ ಪ್ಯಾಕೆಟ್ ಮಾತ್ರ ಗೊತ್ತು, ಕರೆ ಗೊತ್ತಿಲ್ಲ. ಒಳಗಿರುವುದು ಮಾತೋ ಸಿನಿಮಾವೋ ಪತ್ರವೋ ಎಂದು ಅದು ಕೇಳುವುದಿಲ್ಲ, ಯಾವಾಗ ಶುರುವಾಗಿ ಯಾವಾಗ ಮುಗಿಯಿತು ಎಂದೂ ಬರೆದಿಡುವುದಿಲ್ಲ. ಎಕ್ಸ್‌ಚೇಂಜಿನಲ್ಲಿದ್ದ ಲೆಕ್ಕದ ಪುಸ್ತಕಕ್ಕೆ ಹೊಸ ವ್ಯವಸ್ಥೆಯಲ್ಲಿ ಜಾಗವೇ ಇರಲಿಲ್ಲ.

ಪ್ರಯೋಗಾಲಯದಿಂದ ಅಂಗಡಿಗೆ ಬರಲು ಇಪ್ಪತ್ತು ವರ್ಷ ಬೇಕಾಯಿತು. ಇಸ್ರೇಲಿನ ವೋಕಲ್‌ಟೆಕ್ ಕಂಪನಿ 1995ರ ಫೆಬ್ರುವರಿಯಲ್ಲಿ ‘ಇಂಟರ್ನೆಟ್ ಫೋನ್’ ಎಂಬ ಸಾಫ್ಟ್‌ವೇರ್ ಬಿಡುಗಡೆ ಮಾಡಿತು. ಇಬ್ಬರ ಬಳಿಯೂ ಅದೇ ಸಾಫ್ಟ್‌ವೇರ್, ಮೋಡೆಮ್, ಸೌಂಡ್ ಕಾರ್ಡ್ ಇರಬೇಕು. ಇಬ್ಬರೂ ಅದೇ ಹೊತ್ತಿಗೆ ಕಂಪ್ಯೂಟರ್ ಮುಂದೆ ಕೂತಿರಬೇಕು. ಹಲವು ಕಂಪ್ಯೂಟರುಗಳಲ್ಲಿ ಒಬ್ಬರು ಮುಗಿಸಿದ ಮೇಲೆಯೇ ಇನ್ನೊಬ್ಬರು ಮಾತಾಡಬೇಕಿತ್ತು. ಇಷ್ಟಕ್ಕೇ ಟೆಲಿಫೋನ್ ಕಂಪನಿಗಳು ಬೆದರಿದವು. 1996ರ ಮಾರ್ಚಿನಲ್ಲಿ ಅಮೆರಿಕದ ಸಣ್ಣ ದೂರವಾಣಿ ಕಂಪನಿಗಳ ಸಂಘವೊಂದು ಇಂಥ ಸಾಫ್ಟ್‌ವೇರ್ ಮಾರಾಟವನ್ನೇ ತಡೆಯಿರಿ ಎಂದು ಅಲ್ಲಿನ ಸಂಪರ್ಕ ಆಯೋಗಕ್ಕೆ ಅರ್ಜಿ ಹಾಕಿತು. ಆಯೋಗ ತಡೆಯಲಿಲ್ಲ.

ನಮ್ಮಲ್ಲಿ ತಡೆ ಇತ್ತು. 2002ರ ಏಪ್ರಿಲ್ 1ರವರೆಗೆ ಭಾರತದಲ್ಲಿ ಇಂಟರ್ನೆಟ್ ಮೂಲಕ ಕರೆ ಮಾಡುವುದಕ್ಕೆ ಕಾನೂನಿನ ಒಪ್ಪಿಗೆ ಇರಲಿಲ್ಲ. ಆಮೇಲೂ ಕಂಪ್ಯೂಟರಿನಿಂದ ವಿದೇಶದ ಫೋನಿಗೆ ಮಾಡಬಹುದು, ಪಕ್ಕದ ಬೀದಿಯ ಫೋನಿಗೆ ಮಾಡುವಂತಿಲ್ಲ ಎಂಬ ವಿಚಿತ್ರ ನಿಯಮ. ಬೆಂಗಳೂರು, ಮೈಸೂರು, ಮಂಗಳೂರಿನ ಸೈಬರ್ ಕೆಫೆಗಳಲ್ಲಿ ‘ನೆಟ್ ಟು ಫೋನ್’ ಬೋರ್ಡುಗಳು ನೇತಾಡಿದ ಕಾಲ ಅದು. ಪ್ಲೈವುಡ್ ಗೂಡು, ಸ್ಪಂಜು ಕಿತ್ತುಹೋದ ಹೆಡ್‌ಫೋನು. ‘ಕೇಳಿಸ್ತಾ ಇದೆಯಾ?’ ಎಂದರೆ ಎರಡು ಸೆಕೆಂಡು ಬಿಟ್ಟು ಅದೇ ಪ್ರಶ್ನೆ ನಮಗೇ ವಾಪಸ್ಸು. ಆಚೆಯಿಂದ ಮಗ ಮಾತಾಡುವುದಾದರೆ ಅವನ ಕೈಯಲ್ಲಿ ಕಾಲಿಂಗ್ ಕಾರ್ಡ್ ಇರುತ್ತಿತ್ತು. ಕಾರ್ಡಿನಲ್ಲಿ ಇನ್ನೆಷ್ಟು ನಿಮಿಷ ಉಳಿದಿದೆ ಎಂದು ಯಂತ್ರದ ಹೆಂಗಸು ಮೊದಲೇ ಹೇಳಿಬಿಡುತ್ತಿದ್ದಳು.

2003ರ ಆಗಸ್ಟ್ 29ರಂದು ಸ್ಕೈಪ್ ಬಂತು. ಸ್ವೀಡನ್ನಿನ ನಿಕ್ಲಾಸ್ ಸೆನ್‌ಸ್ಟ್ರೋಮ್, ಡೆನ್ಮಾರ್ಕಿನ ಯಾನುಸ್ ಫ್ರಿಸ್ ಅವರ ಯೋಜನೆ. ಬರೆದು ಕಟ್ಟಿದವರು ಎಸ್ಟೋನಿಯಾದ ಅಹ್ತಿ ಹೈನ್ಲಾ, ಪ್ರೀತ್ ಕಾಸೆಸಲು, ಯಾನ್ ಟಾಲಿನ್. ಹಾಡು, ಸಿನಿಮಾಗಳನ್ನು ಪುಕ್ಕಟೆ ಹಂಚಿಕೊಳ್ಳುವ ಕಜಾ ಎಂಬ ಸಾಫ್ಟ್‌ವೇರ್ ಮಾಡಿ ಕೋರ್ಟು ಕಚೇರಿ ಕಂಡಿದ್ದ ತಂಡವೇ ಇದು. ಧ್ವನಿಯ ಗುಣದಲ್ಲಿ ಸ್ಕೈಪ್ ಹಿಂದಿನವಕ್ಕಿಂತ ಮೇಲಿತ್ತು, ನಿಜ. ಆದರೆ ಅದು ಗೆದ್ದದ್ದು ಅದರಿಂದಲ್ಲ ಎಂದು ನನ್ನ ಅಭಿಪ್ರಾಯ.

ಅಷ್ಟು ಹೊತ್ತಿಗೆ ಮನೆ, ಆಫೀಸುಗಳ ಕಂಪ್ಯೂಟರುಗಳು ರೌಟರಿನ ಹಿಂದೆ ಅಡಗಿ ಕೂತಿದ್ದವು. ಹತ್ತು ಕಂಪ್ಯೂಟರಿಗೆ ಹೊರಗೆ ಕಾಣುವ ವಿಳಾಸ ಒಂದೇ. ಒಳಗಿನಿಂದ ಹೊರಗೆ ಹೋದದ್ದಕ್ಕೆ ಉತ್ತರ ಬಂದರೆ ರೌಟರು ಒಳಗೆ ಬಿಡುತ್ತದೆ. ಕೇಳದೇ ಬಂದ ಪ್ಯಾಕೆಟ್ಟನ್ನು ಯಾರಿಗೆ ಕೊಡಬೇಕೋ ತಿಳಿಯದೆ ಎಸೆದುಬಿಡುತ್ತದೆ. ಕರೆ ಎಂದರೆ ಕೇಳದೇ ಬರುವಂಥದ್ದೇ ತಾನೆ? ಇಬ್ಬರೂ ರೌಟರಿನ ಹಿಂದೆ ಇದ್ದರೆ ಇಬ್ಬರಿಗೂ ಕರೆ ಮುಟ್ಟದು. ಹಳೆಯ ಸೇವೆಗಳ ಹಲವು ಗ್ರಾಹಕರು ಈ ಗೋಡೆಗೆ ತಲೆ ಚಚ್ಚಿಕೊಂಡು ಬಿಟ್ಟುಹೋದರು. ಯಾವ ಪೋರ್ಟು ತೆರೆಯಬೇಕು, ಎಲ್ಲಿ ಏನು ಬರೆಯಬೇಕು ಎಂಬುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ.

ಸ್ಕೈಪ್ ಕಜಾದ ಹಳೇ ಉಪಾಯವನ್ನು ಇಲ್ಲಿಗೆ ತಂದಿತು. ರೌಟರಿನ ಮರೆಯಿಲ್ಲದೆ ನೇರವಾಗಿ ಜಾಲಕ್ಕೆ ತೆರೆದುಕೊಂಡಿರುವ ಒಳ್ಳೆಯ ಕಂಪ್ಯೂಟರುಗಳನ್ನು ಅದು ತಾನಾಗಿಯೇ ಆರಿಸಿ ‘ಸೂಪರ್‌ನೋಡ್’ ಮಾಡುತ್ತಿತ್ತು. ಮರೆಯಲ್ಲಿದ್ದವರು ಒಳಗಿನಿಂದಲೇ ಅದರ ಜೊತೆ ಒಂದು ಸಂಪರ್ಕ ಇಟ್ಟುಕೊಂಡಿರುತ್ತಾರೆ. ಕರೆ ಬಂದರೆ ಆ ದಾರಿಯಲ್ಲಿ ಸುದ್ದಿ, ಬೇಕಾದರೆ ಮಾತೂ ಅದರ ಮೂಲಕವೇ. ಧಾರವಾಡದ ಒಬ್ಬರು ಡಲ್ಲಾಸಿನ ಮಗಳ ಜೊತೆ ಮಾತಾಡುವಾಗ ಆ ಮಾತು ಮೂರನೆಯವರೊಬ್ಬರ, ಪರಿಚಯವೇ ಇಲ್ಲದವರ, ಕಂಪ್ಯೂಟರಿನ ಮೂಲಕ ಹಾದುಹೋಗುತ್ತಿರಬಹುದು. ಗುಪ್ತಲಿಪಿಯಲ್ಲಿ ಇರುತ್ತಿದ್ದುದರಿಂದ ಅವರಿಗೆ ಅದರ ಸುಳಿವೂ ಸಿಗದು. ಕಂಪನಿಗೆ ಕರೆ ಸಾಗಿಸುವ ಖರ್ಚೇ ಇಲ್ಲ. ಬಳಸುವವರಿಗೆ ಹೆಸರು, ಪಾಸ್‌ವರ್ಡ್ ಬಿಟ್ಟರೆ ಬೇರೆ ತಲೆನೋವಿಲ್ಲ.

ಕರೆ ಕಂಪನಿಯ ಸರ್ವರನ್ನೇ ಮುಟ್ಟದಿದ್ದರೆ ಎಣಿಸುವವರು ಯಾರು? ಆಮೇಲಿನ ಕತೆ ಪತ್ತೇದಾರಿಯದ್ದು. ಕೊಲಂಬಿಯಾ ವಿಶ್ವವಿದ್ಯಾಲಯದ ಸಲ್ಮಾನ್ ಬಸೆತ್, ಹೆನ್ನಿಂಗ್ ಶುಲ್ಸ್‌ರಿನ್ನೆ 2004ರಲ್ಲಿ ಸ್ಕೈಪ್ ಹಾಕಿದ ಕಂಪ್ಯೂಟರುಗಳನ್ನು ಒಮ್ಮೆ ತೆರೆದ ಜಾಲದಲ್ಲಿ, ಒಮ್ಮೆ ರೌಟರಿನ ಹಿಂದೆ, ಒಮ್ಮೆ ಬಿಗಿ ಫೈರ್‌ವಾಲ್ ಹಿಂದೆ ಇಟ್ಟು ಒಳಹೊರಗೆ ಓಡಾಡುವ ಪ್ಯಾಕೆಟ್ಟುಗಳನ್ನು ಹಿಡಿದು ನೋಡಿದರು. ಮಾತು ಬಿಚ್ಚಲಾಗದಿದ್ದರೂ ಯಾರು ಯಾರನ್ನು ಸಂಪರ್ಕಿಸುತ್ತಾರೆ ಎಂಬುದು ಕಾಣುತ್ತಿತ್ತು. ಲಾಗಿನ್ ಸರ್ವರ್ ಒಂದನ್ನು ಬಿಟ್ಟರೆ ನಡುವೆ ಕಂಪನಿಯ ಯಂತ್ರ ಇಲ್ಲ ಎಂದು ಅವರು ಬರೆದರು. ಮುಂದೆ ಕಾರ್ನೆಲ್‌ನ ಸೈಕತ್ ಗುಹಾ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಹೋಗಿ ತಮ್ಮದೇ ಒಂದು ಸೂಪರ್‌ನೋಡ್ ಓಡಿಸಿದರು. ತಮ್ಮ ಮೂಲಕ ಹಾದುಹೋಗುವ ಕರೆಗಳ ಉದ್ದ ಅಳೆದರು. ಸಾಮಾನ್ಯ ಟೆಲಿಫೋನ್ ಕರೆ ಸರಾಸರಿ 3 ನಿಮಿಷದ್ದಾದರೆ ಇಲ್ಲಿ ಸುಮಾರು 13 ನಿಮಿಷ! ಕೆಂಪು ಅಂಕಿ ಓಡದಿದ್ದರೆ ಮನುಷ್ಯ ಎಷ್ಟು ಮಾತಾಡುತ್ತಾನೆ ಎಂಬುದಕ್ಕೆ ಸಿಕ್ಕ ಮೊದಲ ಅಳತೆಗಳಲ್ಲಿ ಇದೂ ಒಂದು. ನನ್ನ ಮಟ್ಟಿಗೆ ಸ್ಕೈಪ್ ಕುರಿತ ಸಂಶೋಧನೆಗಳಲ್ಲೇ ಇದು ಚೆಂದದ ಅಂಕಿ.

ಸ್ಕೈಪ್ ತಾನಾಗಿ ತೋರಿಸುತ್ತಿದ್ದದ್ದು ಕಿಟಕಿಯ ಕೆಳಗೆ ಸಣ್ಣಕ್ಷರದಲ್ಲಿ ಬರುವ ‘ಈಗ ಆನ್‌ಲೈನ್ ಇರುವವರು’ ಎಂಬ ಸಂಖ್ಯೆ. ಹೂಡಿಕೆದಾರರ ಮುಂದೆ ಬರುತ್ತಿದ್ದುದು ಬೇರೆ, ಒಟ್ಟು ನೋಂದಾಯಿತ ಖಾತೆಗಳು. 2005ರಲ್ಲಿ ಇಬೇ ಕಂಪನಿ ಸ್ಕೈಪನ್ನು 260 ಕೋಟಿ ಡಾಲರಿಗೆ ಕೊಳ್ಳುವಾಗ ಕೇಳಿಬಂದದ್ದು 5.4 ಕೋಟಿ ನೋಂದಣಿ. ಒಮ್ಮೆ ಹೆಸರು ಬರೆಸಿ ಮರೆತವರು, ಪಾಸ್‌ವರ್ಡ್ ಮರೆತು ಹೊಸ ಖಾತೆ ತೆರೆದವರು ಎಲ್ಲರೂ ಅದರಲ್ಲಿ ಸೇರಿದ್ದರು. ಎರಡೇ ವರ್ಷದಲ್ಲಿ ಇಬೇ ಸುಮಾರು 140 ಕೋಟಿ ಡಾಲರನ್ನು ನಷ್ಟ ಎಂದು ಬರೆದುಕೊಂಡಿತು.

ಸ್ಕೈಪ್ ಎಷ್ಟು ದೊಡ್ಡದು ಎಂದು ಗೊತ್ತಾದದ್ದು ಅದು ಬಿದ್ದಾಗ ಎಂದರೂ ತಪ್ಪಲ್ಲ. 2007ರ ಆಗಸ್ಟ್ 16ರಂದು ಸ್ಕೈಪ್ ಸುಮಾರು ಎರಡು ದಿನ ಕೈಕೊಟ್ಟಿತು. ವಿಂಡೋಸ್ ಅಪ್‌ಡೇಟ್‌ನಿಂದಾಗಿ ಅಪಾರ ಕಂಪ್ಯೂಟರುಗಳು ಒಟ್ಟಿಗೇ ರೀಸ್ಟಾರ್ಟ್ ಆಗಿ, ಎಲ್ಲವೂ ಒಮ್ಮೆಲೇ ಲಾಗಿನ್ ಆಗಲು ನುಗ್ಗಿದವು. ಸಹಾಯ ಮಾಡಬೇಕಿದ್ದ ಸೂಪರ್‌ನೋಡುಗಳು ಅದೇ ಹೊತ್ತಿಗೆ ಸಾಲದೆ ಹೋದವು ಎಂಬುದು ಕಂಪನಿ ಕೊಟ್ಟ ಕಾರಣ. 2010ರ ಡಿಸೆಂಬರಿನಲ್ಲಿ ಸ್ಕೈಪ್ ಇನ್ನೊಮ್ಮೆ ಕೈಕೊಟ್ಟಿತು.

ಇಷ್ಟಾದರೂ ಒಂದು ಹೋಲಿಕೆ ಮಾತ್ರ ಗಟ್ಟಿಯಾಗಿ ನಿಂತಿತ್ತು. ಟೆಲಿಜಿಯಾಗ್ರಫಿ ಎಂಬ ಸಂಶೋಧನಾ ಸಂಸ್ಥೆ ದೇಶ ದೇಶಗಳ ನಡುವಿನ ಕರೆಗಳನ್ನು ವರ್ಷ ವರ್ಷ ಅಂದಾಜು ಮಾಡುತ್ತಿತ್ತು. ಅದರ ಪ್ರಕಾರ 2013ರಲ್ಲಿ ಎಲ್ಲ ಟೆಲಿಫೋನ್ ಕಂಪನಿಗಳ ಅಂತರರಾಷ್ಟ್ರೀಯ ಕರೆ ಸೇರಿ 54,700 ಕೋಟಿ ನಿಮಿಷ, ಸ್ಕೈಪ್‌ನಿಂದ ಸ್ಕೈಪಿಗೆ ಗಡಿ ದಾಟಿದ್ದು 21,400 ಕೋಟಿ ನಿಮಿಷ. ಹತ್ತು ವರ್ಷದ ಹಿಂದೆ ಹುಟ್ಟಿದ ಒಂದು ಕಂಪನಿ ಇಡೀ ಜಗತ್ತಿನ ಅಂತರರಾಷ್ಟ್ರೀಯ ಟೆಲಿಫೋನ್ ವ್ಯವಹಾರದ ಹತ್ತಿರ ಹತ್ತಿರ ಶೇ 40ರಷ್ಟು! ಅಳತೆಗೋಲು ಎರಡಕ್ಕೂ ಒಂದೇ ಆಗಿದ್ದರಿಂದ ಈ ಮಾತಿಗೆ ಅರ್ಥವಿತ್ತು.

ಆ ಹೊತ್ತಿಗೆ ವಾಟ್ಸಾಪಿನಲ್ಲಿ ಕರೆಯೇ ಇರಲಿಲ್ಲ. ಯಾನ್ ಕೂಮ್, ಬ್ರಯನ್ ಆಕ್ಟನ್ 2009ರಲ್ಲಿ ಕಟ್ಟಿದ್ದು ಸಂದೇಶದ ಆ್ಯಪ್. ಕರೆ ಸೇರಿದ್ದು 2015ರಲ್ಲಿ, ವಿಡಿಯೊ 2016ರ ನವೆಂಬರಿನಲ್ಲಿ. ಸ್ಕೈಪಿಗಿಂತ ಹೊಸದೇನನ್ನೂ ಅದು ಕಂಡುಹಿಡಿಯಲಿಲ್ಲ. ಅದರ ಧ್ವನಿ ಸಂದೇಶಗಳು ಬಳಸುವ ಓಪಸ್ ಎಂಬ ಕೋಡೆಕ್‌ನ (ಧ್ವನಿ ಕುಗ್ಗಿಸುವ ವಿಧಾನ) ಅರ್ಧ ಭಾಗ ಸ್ಕೈಪಿನದೇ ಸಿಲ್ಕ್. ಆ ಸಿಲ್ಕ್‌ನ ಹೊಟ್ಟೆಯಲ್ಲಿ ಇರುವುದು ಅಟಲ್ ಅವರ ಎಲ್‌ಪಿಸಿ ವಿದ್ಯೆ. ವಾಟ್ಸಾಪ್ ತೆಗೆದುಹಾಕಿದ್ದು ಇನ್ನೊಂದು ಗೋಡೆಯನ್ನು: ಹೆಸರು, ಪಾಸ್‌ವರ್ಡ್‌ನ ರಗಳೆ. ಫೋನ್ ನಂಬರೇ ವಿಳಾಸ, ಫೋನಿನೊಳಗಿನ ಹೆಸರುಗಳ ಪಟ್ಟಿಯೇ ಡೈರೆಕ್ಟರಿ. ನಿಮ್ಮ ಸ್ಕೈಪ್ ಐಡಿ ಏನು ಎಂದು ಊರಿನ ಚಿಕ್ಕಪ್ಪನನ್ನು ಕೇಳಿ ನೋಡಿದ್ದರೆ ಇದರ ಬೆಲೆ ತಿಳಿದಿರುತ್ತದೆ. ಸದಾ ಎಚ್ಚರವಿದ್ದು ಒಬ್ಬರಿಗೊಬ್ಬರು ನೆರವಾಗಬೇಕಾದ ಸ್ಕೈಪಿನ ಹಳೇ ಏರ್ಪಾಟು ಬ್ಯಾಟರಿ ನಂಬಿದ ಮೊಬೈಲಿಗೆ ಹೊಂದಲೂ ಇಲ್ಲ. 2011ರಲ್ಲಿ 850 ಕೋಟಿ ಡಾಲರ್ ಕೊಟ್ಟು ಕೊಂಡಿದ್ದ ಮೈಕ್ರೊಸಾಫ್ಟ್ ಅದನ್ನು ತನ್ನ ಸರ್ವರುಗಳಿಗೆ ಸಾಗಿಸುವಷ್ಟರಲ್ಲಿ ಜನ ಆಚೆ ದಾಟಿದ್ದರು.

ಭಾರತದಲ್ಲಿ ಟೆಲಿಫೋನ್ ಕಂಪನಿಗಳಿಗೆ ಹೊಟ್ಟೆನೋವು ಕಾಣಿಸಿಕೊಂಡದ್ದು 2014ರ ಡಿಸೆಂಬರಿನಲ್ಲಿ. ಇಂಟರ್ನೆಟ್ ಕರೆಗೆ ಬೇರೆಯೇ ದರ ಹಾಕುತ್ತೇವೆ ಎಂದು ಏರ್‌ಟೆಲ್ ಹೇಳಿ, ಗದ್ದಲವಾದ ಮೇಲೆ ಹಿಂದೆ ಸರಿಯಿತು. 2015ರ ಮಾರ್ಚಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಈ ಬಗ್ಗೆ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಬಂದವು. 2016ರ ಫೆಬ್ರುವರಿ 8ರಂದು ಟ್ರಾಯ್ ಡೇಟಾಕ್ಕೆ ತಾರತಮ್ಯದ ದರ ಕೂಡದು ಎಂದು ಆದೇಶ ಹೊರಡಿಸಿತು.

ಈಗ ಹೋಲಿಕೆಗೆ ಬರೋಣ. 2017ರಲ್ಲಿ ವಾಟ್ಸಾಪ್ ಕೊಟ್ಟ ಅಂಕಿ: ದಿನಕ್ಕೆ 5.5 ಕೋಟಿ ವಿಡಿಯೊ ಕರೆ, 34 ಕೋಟಿ ನಿಮಿಷ. ಅದರಲ್ಲಿ 5 ಕೋಟಿ ನಿಮಿಷಕ್ಕೂ ಹೆಚ್ಚು ಭಾರತದ್ದೇ, ಜಗತ್ತಿಗೇ ಮೊದಲು. 2018ರಲ್ಲಿ ಹೇಳಿದ್ದು ದಿನಕ್ಕೆ 200 ಕೋಟಿ ನಿಮಿಷ. ವರ್ಷಕ್ಕೆ ಗುಣಿಸಿದರೆ 73,000 ಕೋಟಿ, ಸ್ಕೈಪಿನ ಮೂರು ಪಟ್ಟಿಗೂ ಮೇಲೆ. ಆದರೆ ಸ್ಕೈಪಿನ ಅಂಕಿ ಗಡಿ ದಾಟಿದ ಕರೆಗಳದ್ದು ಮಾತ್ರ, ವಾಟ್ಸಾಪಿನದರಲ್ಲಿ ಮಹಡಿ ಮೇಲಿಂದ ಕೆಳಗಿನ ಅಡುಗೆಮನೆಗೆ ಮಾಡಿದ ಕರೆಯೂ ಸೇರಿದೆ. 2020ರ ಕೊನೆಯ ದಿನ ವಾಟ್ಸಾಪ್ ಹೇಳಿದ್ದು 140 ಕೋಟಿ ಕರೆ. ಈ ಸಲ ನಿಮಿಷವೇ ಇಲ್ಲ. 2020ರ ಏಪ್ರಿಲ್‌ನಲ್ಲಿ ಮೈಕ್ರೊಸಾಫ್ಟ್ ಒಂದೇ ಉಸಿರಿನಲ್ಲಿ ಟೀಮ್ಸ್ ಬಗ್ಗೆ ಮೂರು ಅಂಕಿ ಕೊಟ್ಟಿತು: ದಿನದ ಬಳಕೆದಾರರು 7.5 ಕೋಟಿ, ಒಂದೇ ದಿನ ಮೀಟಿಂಗಿನಲ್ಲಿ ಪಾಲ್ಗೊಂಡವರು 20 ಕೋಟಿ, ನಿಮಿಷ 410 ಕೋಟಿ. ಜೂಮಿನ 30 ಕೋಟಿಯನ್ನು ಇದರಲ್ಲಿ ಯಾವುದರ ಪಕ್ಕ ಇಡಬೇಕು? ಎರಡನೆಯದರ ಪಕ್ಕ. ಆದರೆ ಅಂದಿನ ಕೆಲವು ಪಟ್ಟಿಗಳಲ್ಲಿ ಅದು ಕೂತದ್ದು ಮೊದಲನೆಯದರ ಪಕ್ಕ.

ಎಲ್ಲ ಕೂಡಿಸಿ ಕಳೆದು ನೋಡಿದರೆ ಇವತ್ತು ಸಾಮಾನ್ಯ ಜನರ ಕರೆಗಳಲ್ಲಿ ವಾಟ್ಸಾಪನ್ನು ಮೀರಿಸಿದ್ದು ನಮ್ಮ ದೇಶದಲ್ಲಂತೂ ಇಲ್ಲ ಎನ್ನಬಹುದು. ಅದು ಎಷ್ಟು ಮುಂದಿದೆ ಎಂಬುದನ್ನು ಕಂಪನಿ ಬಾಯಿ ಬಿಟ್ಟಷ್ಟೇ ತಿಳಿಯಬೇಕು. ಗುಹಾ ಅವರ ತಂಡದಂತೆ ಒಂದು ಸೂಪರ್‌ನೋಡ್ ಓಡಿಸಿ ಅಳೆಯುವ ಕಿಂಡಿಯೂ ಈಗ ಮುಚ್ಚಿದೆ. ಕೊರೋನಾ ಶುರುವಿನಲ್ಲಿ ದಿನಕ್ಕೆ 4 ಕೋಟಿ ಜನ ಬಳಸುತ್ತಿದ್ದ ಸ್ಕೈಪನ್ನು ಮೈಕ್ರೊಸಾಫ್ಟ್ 2025ರ ಮೇ 5ರಂದು ಮುಚ್ಚಿತು. ‘ನಂಬರ್ ಒನ್ ಕಾಲಿಂಗ್ ಆ್ಯಪ್’ ಎಂಬ ಪಟ್ಟಿ ಮುಂದೆ ಎಲ್ಲಾದರೂ ಕಣ್ಣಿಗೆ ಬಿದ್ದರೆ, ಅವರು ಎಣಿಸಿದ್ದು ತಲೆಯನ್ನೋ ಖಾತೆಯನ್ನೋ ಕರೆಯನ್ನೋ ನಿಮಿಷವನ್ನೋ ಎಂದು ಮೊದಲು ನೋಡಿ. ಅದನ್ನು ಹೇಳದ ಪಟ್ಟಿಯನ್ನು ಅಲ್ಲಿಗೇ ಬಿಡಿ.